ಜೊತೆಗೆ ಬಂದವರು

ಅರವತ್ತೇಳು ತುಂಬಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ಚೆಂದವಲ್ಲ. ಆದರೆ ಕರೆಯುವವಳಿಗೆ ಎಂಬತ್ತಾರಾಗಿದ್ದರೆ, ಮೇಲಾಗಿ ಅವಳೇ ಹೆತ್ತವಳಾಗಿದ್ದರೆ, ಬೇಡ ಎನ್ನುವವರು ಯಾರು? "ಪುಟ್ಟೀ, ಹೊರಡೋದಿದೆಯೋ ಇಲ್ಲವೋ?" ಎಂದು ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಕೂಗಿದಾಗ, ಒಳಗೆ ಪುಟ್ಟಿ ಮಂಚದ ತುದಿಯಲ್ಲಿ ಕೂತು, ಏಳಬೇಕಲ್ಲ ಎಂದು ತನ್ನನ್ನು ತಾನೇ ಪುಸಲಾಯಿಸಿಕೊಳ್ಳುತ್ತಿದ್ದಳು.

ಏಳುವುದೂ ಒಂದು ಕೆಲಸವೇ. ಅಂಗೈಯನ್ನು ಹಾಸಿಗೆಗೆ ಒತ್ತಬೇಕು, ಉಸಿರು ಹಿಡಿಯಬೇಕು, ಒಂದೆರಡು ಸಲ ಹಿಂದೆ ಮುಂದೆ ತೂಗಿ ಆಮೇಲೆ ಎದ್ದುಬಿಡಬೇಕು. ಇಷ್ಟೆಲ್ಲ ಕಸರತ್ತು ಯಾಕೆಂದರೆ ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ನಿದ್ದೆ ಯಾಕಿಲ್ಲವೆಂದರೆ ಅಮ್ಮನ ಚಿಂತೆ. ಪುಟ್ಟಿಯ ಯಾವ ಕಷ್ಟದ ಜಾಡು ಹಿಡಿದು ಹೊರಟರೂ ಕೊನೆಗೆ ಅಮ್ಮನ ಕೋಣೆಯ ಬಾಗಿಲಿಗೇ ಬಂದು ನಿಲ್ಲಬೇಕಿತ್ತು. ಅಮ್ಮನಿಗೆ ಸ್ನಾನಕ್ಕೆ ನೀರು ಹದ ಮಾಡಬೇಕು, ಮಾತ್ರೆ ಕೊಡಬೇಕು, ಮೆಟ್ಟಿಲು ಇಳಿಯುವಾಗ ರಟ್ಟೆ ಹಿಡಿಯಬೇಕು, ಅಡುಗೆಯಾಗಬೇಕು, ಬಟ್ಟೆಯಾಗಬೇಕು. ಅವಳಿಗೆ ಸಾಕುಸಾಕಾಗಿತ್ತು. ಅಮ್ಮ ಸಾಕಾಗಿರಲಿಲ್ಲ, ಸಂಕಟ ಇದ್ದದ್ದೇ ಅಲ್ಲಿ.

ಹಿಂದಿನ ಸಂಜೆ ತಮ್ಮ ಫೋನ್ ಮಾಡಿದ್ದ. ಅವನು ಕೆಟ್ಟವನೇನಲ್ಲ, ಫೋನಿನಲ್ಲಂತೂ ಬಹಳ ಒಳ್ಳೆಯವನು.

"ಅಕ್ಕಾ, ವಯಸ್ಸಾದವರ ಆರೈಕೆ ಮನೆಯವರು ಒಂದು ಕೋಣೆ ಖಾಲಿ ಇದೆ ಅಂದ್ರು. ಭಾನುವಾರ ಬರ್ತೀನಿ, ಅಮ್ಮನ್ನ ಸೇರಿಸಿಬಿಡೋಣ. ನೀನೊಬ್ಬಳೇ ಎಷ್ಟು ಅಂತ ಒದ್ದಾಡ್ತೀಯ?"

"ನಾಳೆ ಆಸ್ಪತ್ರೆಯವರು ಏನಂತಾರೋ ನೋಡೋಣ ಇರೋ."

"ಅದೇ ಆ ಸ್ಟೆಮ್ ಸೆಲ್ ಕಥೆನಾ? ಸರಿ, ಅವರು ಅಮ್ಮನ್ನ ತಗೊಂಡ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ತಗೊಳ್ಳಲಿಲ್ಲ ಅಂದ್ರೆ ಭಾನುವಾರ. ಆಯ್ತಾ?"

ಆಯ್ತು ಎಂದುಬಿಟ್ಟಿದ್ದಳು. ಅಂದದ್ದೇ ತಡ, ಅಮ್ಮನಿಲ್ಲದ ಮನೆಯನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡಳು. ಎಷ್ಟೊಂದು ವಿಶ್ರಾಂತಿ ಎಂದು ಮೊದಲು ಅನ್ನಿಸಿತು, ಆಮೇಲೆ ಹಾಗೆ ಅನ್ನಿಸಿದ್ದಕ್ಕೆ ಅಳು ಬಂತು.

ಆಸ್ಪತ್ರೆಯ ವಿಚಾರವನ್ನು ಅವಳು ಕೇಳಿದ್ದು ರೇಡಿಯೋದಲ್ಲಿ. ವಯಸ್ಸಾಗಿ ಮೈಯಲ್ಲಿ ಕಸುವು ಇಂಗಿಹೋದವರಿಗೆ, ಕಾಯಿಲೆ ಎಂದು ಹೆಸರಿಡುವಂಥದ್ದೇನೂ ಇಲ್ಲದೆ ಸುಮ್ಮನೆ ನಿತ್ರಾಣವಾದವರಿಗೆ, ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುತ್ತಿದ್ದಾರಂತೆ. ಹರೆಯದವರು ದಾನ ಕೊಟ್ಟ ಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಡ್ರಿಪ್ ಹಾಕಿ ನಿತ್ರಾಣವಾದವರ ರಕ್ತಕ್ಕೆ ಬಿಡುತ್ತಾರಂತೆ. ಅರವತ್ತೈದು ದಾಟಿದವರು ಬೇಕು ಎಂದಿದ್ದರು. ಪುಟ್ಟಿಗೆ ತಕ್ಷಣ ಹೊಳೆದದ್ದು ಅಮ್ಮ. ಅಮ್ಮನ ಕಾಲಿಗೆ ಒಂದಿಷ್ಟು ಬಲ ಬಂದರೆ ತನ್ನ ರಟ್ಟೆಗೆ ಒಂದಿಷ್ಟು ಬಿಡುವು ಸಿಗುತ್ತದೆ ಎಂದು ಲೆಕ್ಕ ಹಾಕಿದಳು.

ಜ್ವರದ ಮಾತ್ರೆ ನುಂಗಲೂ ಭೂಮಿ ಆಕಾಶ ಒಂದು ಮಾಡುವ ಅಮ್ಮ ಇದಕ್ಕೆ ಚಕಾರವೆತ್ತಲಿಲ್ಲ. "ಯಾವನೋ ಹುಡುಗನ ಮಜ್ಜೆ ಹಾಕಿದ್ರೆ ನನಗೆ ಮೀಸೆ ಬರತ್ತಾ ಹೇಗೆ?" ಎಂದು ಕೇಳಿದಳು. ಆಮೇಲೆ ಕೇಳಿದ್ದು ಇಷ್ಟೇ: "ನೀನೂ ಬರ್ತೀಯ ತಾನೇ? ನೀನು ಬಂದ್ರೆ ಹೋಗೋಣ."

ಅಮ್ಮ ಬಸ್ ಕಂಡಕ್ಟರಾಗಿದ್ದವಳು. ಜೀವಮಾನದ ಅರ್ಧವನ್ನು ಓಡುವ ಬಸ್ಸಿನಲ್ಲಿ, ಯಾವುದನ್ನೂ ಹಿಡಿಯದೆ, ನಿಂತೇ ಕಳೆದಿದ್ದಳು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಮನೆಯಿಂದ ಹೊರಗೆ ಕಾಲಿಡುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡಿ, "ರೈಟ್" ಎನ್ನದೆ ಹೊರಡುತ್ತಿರಲಿಲ್ಲ. ಅಂಥವಳ ನಡಿಗೆ ಈಗೆರಡು ವರ್ಷದಿಂದ ಕುಂಠಿತವಾಗಿತ್ತು. ಮೊದಲು ಪುಟ್ಟಿಯೇ ಅವಳ ಹಿಂದೆ ಓಡಬೇಕಿತ್ತು. ಈಗ ಅಮ್ಮ ಅವಳ ಪಕ್ಕದಲ್ಲೇ, ಒಂದೊಂದೇ ಹೆಜ್ಜೆ ಅಳೆದು ಇಡುತ್ತಿದ್ದಳು.

ಆ ದಿನವೂ ಇಬ್ಬರೂ ತೋಳಿಗೆ ತೋಳು ಸೇರಿಸಿ ಹೊರಟರು. ಆಸ್ಪತ್ರೆ ದೂರವೇನಲ್ಲ, ಎರಡು ಬೀದಿ ದಾಟಿ ಸೇತುವೆಯಿಳಿದರೆ ಸಿಗುತ್ತದೆ. ಮೊದಲ ಬೀದಿಯ ನಡುವೆಯೇ ಅಮ್ಮ ನಿಂತಳು.

"ಇರೇ, ಈ ಬೀಗಗಳನ್ನ ನೋಡೋಣ."

ಅದು ಬೀಗ ರಿಪೇರಿಯ ಅಂಗಡಿ. ಗಾಜಿನೊಳಗೆ ಧೂಳು ಹಿಡಿದ ಬೀಗಗಳು ತೂಗುಬಿದ್ದಿದ್ದವು. ಬೀಗದಲ್ಲಿ ನೋಡುವಂಥದ್ದೇನಿದೆ? ಅಮ್ಮನಿಗೆ ಏದುಸಿರು ಬಂದಿದೆ, ಹೇಳಿಕೊಳ್ಳಲು ಬಿಗುಮಾನ, ಪಾಪ, ಎಂದುಕೊಂಡು ಪುಟ್ಟಿ ಗೋಡೆಗೆ ಒರಗಿ ನಿಂತಳು. ಒರಗಿದ್ದು ಹಾಯೆನಿಸಿತು. ಸೇತುವೆಯ ಮೇಲೆ ಅಮ್ಮನಿಗೆ ನೀರು ನೋಡಬೇಕೆನ್ನಿಸಿತು, ಅಲ್ಲಿ ಇನ್ನೊಂದು ಸಲ ನಿಂತರು. ಆಸ್ಪತ್ರೆಯ ಗೇಟಿನಲ್ಲಿ ಅಮ್ಮನ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡಿತು. ಅದನ್ನು ಕೊಡವುವಷ್ಟರಲ್ಲಿ ಪುಟ್ಟಿಯ ಎದೆಬಡಿತವೂ ತಹಬಂದಿಗೆ ಬಂತು. ಈ ಮುದುಕಿಯನ್ನು ಕರೆದುಕೊಂಡು ಬರುವಷ್ಟರಲ್ಲಿ ನನ್ನ ಜೀವ ಹೋಗುತ್ತದೆ ಎಂದು ಮನಸ್ಸಿನಲ್ಲೇ ಗೊಣಗಿದಳು.

ಸಂಶೋಧನೆಯ ವಿಭಾಗ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿನಿಂದ ಇಳಿದೊಡನೆ ಮೇಜಿನ ಹಿಂದೆ ಕೂತವನು ಅಮ್ಮನ ಕೊರಳಿಗೆ ಹಸಿರು ದಾರದ ಚೀಟಿ ಹಾಕಿದ, ಪುಟ್ಟಿಯ ಕೊರಳಿಗೆ ಹಳದಿ ದಾರದ್ದು. ಅದರ ಮೇಲೆ 'ಜೊತೆಗೆ ಬಂದವರು' ಎಂದು ಅಚ್ಚಾಗಿತ್ತು. ಬದುಕಿನಲ್ಲಿ ತನ್ನ ಹುದ್ದೆಯನ್ನು ಯಾರಾದರೂ ಸರಿಯಾಗಿ ಬರೆದಿದ್ದರೆ ಇವರೇ ಎಂದು ಪುಟ್ಟಿಗೆ ಅನ್ನಿಸಿತು. ನಗು ಬರಬೇಕಿತ್ತು, ನಗುವುದಕ್ಕೂ ತ್ರಾಣವಿರಲಿಲ್ಲ.

ಪರೀಕ್ಷೆ ಮಾಡುವವಳು ಒಬ್ಬ ಫಿಸಿಯೋ, ಬಿಳಿ ಬೂಟು ಹಾಕಿದ ಚುರುಕು ಹುಡುಗಿ. "ಅಜ್ಜಿ, ಇಲ್ಲಿ ಯಾರೂ ನಿಮ್ಮನ್ನ ಹಿಡ್ಕೊಳ್ಳೋ ಹಾಗಿಲ್ಲ. ಜೊತೆಗೆ ಬಂದವರು ಮಾತಾಡೋ ಹಾಗೂ ಇಲ್ಲ, ಶಭಾಷ್ ಅನ್ನೋ ಹಾಗೂ ಇಲ್ಲ. ಹುರಿದುಂಬಿಸಿದ್ರೆ ಜನ ಇಲ್ಲದ ಶಕ್ತಿ ತಂದುಕೊಂಡು ನಡೆದುಬಿಡ್ತಾರೆ, ಅಳತೆ ಕೆಡತ್ತೆ," ಎಂದಳು.

"ನನ್ನ ಮಗಳು ಶಭಾಷ್ ಅನ್ನೋ ಪೈಕಿ ಅಲ್ಲಮ್ಮ, ನೀನು ಹೆದರಬೇಡ," ಎಂದಳು ಅಮ್ಮ.

ಮೊದಲು ಕೈಹಿಡಿತ. ಹಿಡಿಕೆಯಿದ್ದ ಒಂದು ಉಪಕರಣವನ್ನು ಬಿಗಿಯಾಗಿ ಹಿಸುಕಬೇಕು, ಮುಳ್ಳು ಮೇಲೇರಬೇಕು. ಅಮ್ಮ ಹಿಸುಕಿದಳು. ಫಿಸಿಯೋ ಮುಳ್ಳನ್ನು ನೋಡಿ, ಅಮ್ಮನನ್ನು ನೋಡಿ, ಇನ್ನೊಮ್ಮೆ ಹಿಸುಕಿಸಿದಳು. ಆಮೇಲೆ ಕುರ್ಚಿ. ಕೈಗಳನ್ನು ಎದೆಗೆ ಕಟ್ಟಿಕೊಂಡು, ಯಾವುದನ್ನೂ ಹಿಡಿಯದೆ ಎದ್ದು ಕೂರಬೇಕು, ಕೂತು ಏಳಬೇಕು. ಅಮ್ಮ ಎದ್ದಳು, ಕೂತಳು, ಎದ್ದಳು, ಕೂತಳು, ಸಾಕು ಅಜ್ಜಿ ಎನ್ನುವವರೆಗೆ ನಿಲ್ಲಿಸಲಿಲ್ಲ. ಕೊನೆಗೆ ಓಣಿಯಂಥ ಉದ್ದನೆಯ ಹಾದಿಯಲ್ಲಿ ನಡಿಗೆ. ಆ ತುದಿಗೊಂದು ಈ ತುದಿಗೊಂದು ಕಿತ್ತಳೆ ಬಣ್ಣದ ಗುರುತು ಇಟ್ಟಿದ್ದರು. ಫಿಸಿಯೋ ಗಡಿಯಾರದ ಗುಂಡಿ ಒತ್ತಿದಳು. ಅಮ್ಮ ಹಿಂದೆ ತಿರುಗಿ ನೋಡಿ "ರೈಟ್" ಎಂದವಳೇ, ಕಿಕ್ಕಿರಿದ ಬಸ್ಸಿನಲ್ಲಿ ಮುಂದಿನ ಸೀಟಿನವರ ಟಿಕೆಟ್ ಬಾಕಿಯಿದೆಯೇನೋ ಎಂಬಂತೆ, ಭುಜ ಮುಂದೆ ಮಾಡಿಕೊಂಡು ಸರಸರನೆ ಹೊರಟೇಬಿಟ್ಟಳು.

ಪುಟ್ಟಿ ಬಾಯಿ ಬಿಟ್ಟುಕೊಂಡು ನೋಡಿದಳು. ಎರಡು ವರ್ಷದಿಂದ ಆ ನಡಿಗೆಯನ್ನು ಅವಳು ಕಂಡಿರಲಿಲ್ಲ. ಮೊದಲು ಸಂತೋಷವಾಯಿತು, ಮರುಗಳಿಗೆಗೆ ಭಾನುವಾರ ನೆನಪಾಯಿತು.

ಸಂಶೋಧನೆಯ ಡಾಕ್ಟರು ನಡುವಯಸ್ಸಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ಅವರೂ ಬಹಳ ದಿನದಿಂದ ನಿದ್ದೆಗೆಟ್ಟವರಂತಿದ್ದರು. "ನಿಮ್ಮ ತಾಯಿ ಗಟ್ಟಿಮುಟ್ಟಾಗಿದ್ದಾರಮ್ಮ. ಈ ವಯಸ್ಸಿಗೆ ಇಷ್ಟಿರೋದು ಅಪರೂಪ. ನಮಗೆ ಬೇಕಾಗಿರೋದು ನಿತ್ರಾಣ ಆದವರು. ಇವರನ್ನ ತಗೊಳ್ಳೋಕೆ ಬರಲ್ಲ," ಎಂದರು.

"ಮನೇಲಿ ಹೀಗಿರಲ್ಲ ಡಾಕ್ಟ್ರೇ! ಇವತ್ತು ಪರೀಕ್ಷೆ ಅಂತ ಹಟಕ್ಕೆ ಬಿದ್ದು ನಡೆದಿದ್ದಾಳೆ. ದಯವಿಟ್ಟು ಇನ್ನೊಂದು ಸಲ ನೋಡಿ."

"ಹಟದಿಂದ ಒಂದು ಸಲ ನಡೀಬಹುದು. ಅಷ್ಟೊಂದು ಸಲ ಎದ್ದು ಕೂರೋಕಾಗಲ್ಲಮ್ಮ," ಎಂದು ಡಾಕ್ಟರು ಮೆತ್ತಗೆ ಹೇಳಿದರು.

ಹೊರಗಿನ ಕೋಣೆಯಲ್ಲಿ ತಗ್ಗಿನ ಮೆತ್ತನೆ ಸೋಫಾ ಇತ್ತು. ಪುಟ್ಟಿ ಅದರಲ್ಲಿ ಕುಸಿದು ಕೂತಳು. ಇಷ್ಟು ಹೊತ್ತು ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು.

"ಒಂದು ದಿನ! ಒಂದೇ ಒಂದು ದಿನ ನಿಧಾನಕ್ಕೆ ನಡೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮಾ? ಮನೇಲಿ ದಿನಾ ನಡೀತೀಯಲ್ಲ, ಹಾಗೇ ನಡೆದಿದ್ರೆ ಸಾಕಿತ್ತು. ಭಾನುವಾರ ಅವನು ಬರ್ತಾನೆ. ನಿನ್ನ ಕರ್ಕೊಂಡು ಹೋಗ್ತಾನೆ. ನಾನು ಆಯ್ತು ಅಂತ ಮಾತು ಕೊಟ್ಟಿದ್ದೀನಿ, ಗೊತ್ತಾ ನಿನಗೆ?"

ಅಮ್ಮನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಆ ಮನೆಯ ಗೋಡೆಗಳು ತೆಳು, ಅಮ್ಮನ ಕಿವಿ ಚುರುಕು. ಅವಳು ಸೋಫಾದ ಕೈ ಮೇಲೆ ಕೂತು ಮಗಳ ಮುಖವನ್ನೇ ನೋಡಿದಳು.

"ಮನೇಲಿ ನಾನು ನಿನ್ನ ಜೊತೆ ನಡೀತೀನಿ ಕಣೇ. ಇಲ್ಲಿ ಒಬ್ಬಳೇ ನಡಿ ಅಂದ್ರು, ನಡೆದೆ."

ಪುಟ್ಟಿ ಅಮ್ಮನತ್ತ ತಿರುಗಿದಳು.

"ಏನಂದೆ?"

"ನೀನು ನನ್ನ ಹಿಡ್ಕೊಂಡು ನಡೀತೀಯ ಅಂತ ನೀನು ತಿಳ್ಕೊಂಡಿದ್ದೀಯ. ಮೈಭಾರ ಎಲ್ಲ ನನ್ನ ತೋಳ ಮೇಲೆ ಬಿಟ್ಟಿರ್ತೀಯ. ಬೀಗ ನೋಡೋಕೆ ನನಗೇನು ಹುಚ್ಚಾ? ನಿನಗೆ ಉಸಿರು ಕಟ್ಟತ್ತೆ, ನಿಂತ್ಕೋ ಅಂದ್ರೆ ನಿಲ್ಲಲ್ಲ. ನನಗೆ ಸುಸ್ತು ಅಂದ್ರೆ ಮಾತ್ರ ನಿಲ್ತೀಯ. ಡಬ್ಬದ ಮುಚ್ಚಳ ಎಲ್ಲ ಈಗ ತೆಗೆಯೋರು ಯಾರು?"

"ನೀನೇ ಕಿತ್ಕೊಂಡು ತೆಗೀತೀಯ, ನಿನ್ನ ಹಟಕ್ಕೆ."

"ನಿನ್ನ ಕೈಲಿ ಆಗಲ್ಲ ಅಂತ ಕಿತ್ಕೋತೀನಿ. ಈ ಅಂಗೀನ ಎಷ್ಟು ಸಲ ಬಿಗಿ ಮಾಡ್ಕೊಂಡಿದ್ದೀಯ, ಹೇಳು ನೋಡೋಣ."

ಪುಟ್ಟಿಯ ಕೈ ತಾನಾಗಿಯೇ ಅಂಗಿಯ ಪಕ್ಕದ ಹೊಲಿಗೆಗೆ ಹೋಯಿತು. ಅವಳು ವೃತ್ತಿಯಿಂದ ದರ್ಜಿ. ಊರಿನವರ ಮೈಯನ್ನೆಲ್ಲ ಟೇಪು ಹಿಡಿದು ಅಳೆದವಳು, ಬೆರಳಳತೆಯ ವ್ಯತ್ಯಾಸವನ್ನೂ ಕಣ್ಣಲ್ಲೇ ಹಿಡಿಯುವವಳು. ಅಂಗಿ ಸಡಿಲವಾಯಿತೆಂದು ಒಂದು ಸಲ ಹೊಲಿಗೆ ಒಳಗೆ ತೆಗೆದುಕೊಂಡಿದ್ದಳು, ಆಮೇಲೆ ಇನ್ನೊಂದು ಸಲ, ಮೊನ್ನೆ ಮತ್ತೆ. ಪ್ರತಿ ಸಲವೂ ಬಟ್ಟೆಯನ್ನು ಬೈದಿದ್ದಳು. ಈಗಿನ ನೇಯ್ಗೆಯೇ ಹೀಗೆ, ಎರಡು ಒಗೆತಕ್ಕೆ ಹಿಗ್ಗಿಬಿಡುತ್ತದೆ ಎಂದು ಅಂಗಡಿಯವನಿಗೂ ಬೈದು ಬಂದಿದ್ದಳು. ಟೇಪನ್ನು ಒಮ್ಮೆಯೂ ತನ್ನ ಮೈಗೆ ಸುತ್ತಿ ನೋಡಿರಲಿಲ್ಲ.

"ಏಳು ನೋಡೋಣ," ಎಂದಳು ಅಮ್ಮ. "ಕೈ ಊರಬೇಡ. ನಾನು ಎದ್ದೆನಲ್ಲ, ಹಾಗೆ."

ಪುಟ್ಟಿ ರೇಗಿಕೊಂಡು ಕೈಕಟ್ಟಿದಳು. ಮುಂದಕ್ಕೆ ಬಾಗಿದಳು. ಸೊಂಟ ಸೋಫಾ ಬಿಟ್ಟು ಚೂರು ಮೇಲೆದ್ದಿತು, ಮತ್ತೆ ಧೊಪ್ಪನೆ ಕೂತಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಕೈ ಊರದೆ ಆಗಲಿಲ್ಲ. ತಲೆಯೆತ್ತಿದರೆ, ಅಮ್ಮ ಮರೆತುಬಂದ ಕನ್ನಡಕವನ್ನು ಹಿಡಿದು ಫಿಸಿಯೋ ಬಾಗಿಲಲ್ಲಿ ನಿಂತಿದ್ದಳು.

"ಜೊತೆಗೆ ಬಂದವರನ್ನೂ ನೋಡ್ತೀರೇನಮ್ಮಾ?" ಎಂದಳು ಅಮ್ಮ. "ಅರವತ್ತೈದು ದಾಟಿದೆ ಇವಳಿಗೆ."

"ಅವರಿಗೇ ಮನಸ್ಸಿದ್ರೆ ನೋಡ್ತೀವಿ ಅಜ್ಜಿ. ಬಲವಂತ ಇಲ್ಲ."

ಪುಟ್ಟಿಗೆ ಈಗ ಎಲ್ಲ ಹೊಳೆಯಿತು. "ನೀನು ಇದಕ್ಕೇ ಒಪ್ಪಿಕೊಂಡಿದ್ದಾ? ನನ್ನ ಇಲ್ಲಿಗೆ ಕರ್ಕೊಂಡು ಬರೋಕೆ?"

"ನಿನಗೋಸ್ಕರ ಬಾ ಅಂದಿದ್ರೆ ಬರ್ತಿದ್ದೆಯಾ? ನೋಡ್ಕೋ ಅಂದ್ರೆ ಪುರುಸೊತ್ತಿಲ್ಲ ಅಂತೀಯ." ಅಮ್ಮನ ದನಿ ಅಲ್ಲಿಯವರೆಗೆ ಗಡುಸಾಗಿಯೇ ಇತ್ತು. ಈಗ ಇಳಿಯಿತು. "ನೀನು ನನಗಿಂತ ಮುಂಚೆ ಇಳಿದುಹೋಗ್ತೀಯೇನೋ ಅಂತ ಭಯ ಆಗಿದೆ ಕಣೇ ಪುಟ್ಟಿ. ಖಾಲಿ ಬಸ್ಸಲ್ಲಿ ಒಬ್ಬಳೇ ನಿಂತು ನಾನೇನು ಮಾಡಲಿ?"

ಅಮ್ಮ ಭಯ ಎಂಬ ಮಾತಾಡಿದ್ದನ್ನು ಪುಟ್ಟಿ ಕೇಳಿದ್ದು ಅದೇ ಮೊದಲು. ಅವಳು ಸೋಫಾಕ್ಕೆ ಎರಡೂ ಕೈ ಊರಿ ಎದ್ದಳು.

ಚೀಟಿಗಳು ಅದಲುಬದಲಾದವು. ಹಳದಿ ದಾರ ಅಮ್ಮನ ಕೊರಳಿಗೆ ಹೋಯಿತು. ಉಪಕರಣದ ಹಿಡಿಕೆಯನ್ನು ಪುಟ್ಟಿ ಮೈಯ ಬಲವನ್ನೆಲ್ಲ ಒಟ್ಟುಮಾಡಿ ಹಿಸುಕಿದಳು. ದಪ್ಪ ಬಟ್ಟೆಯನ್ನು ಕತ್ತರಿಸಿ ಕತ್ತರಿಸಿ ಗಂಟುಬಿದ್ದಿದ್ದ ಆ ಕೈಗೆ ಮುಳ್ಳು ಸೊಪ್ಪುಹಾಕಲಿಲ್ಲ. ಆಮೇಲೆ ಹಾದಿಯ ತುದಿಯಲ್ಲಿ ನಿಲ್ಲಿಸಿದರು. ಇನ್ನೊಂದು ತುದಿಯ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು, ಮಾತಾಡಕೂಡದು ಎಂಬ ಕಟ್ಟಪ್ಪಣೆಯೊಂದಿಗೆ.

ಪುಟ್ಟಿ ಹೊರಟಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಗೊತ್ತಾಯಿತು, ಎಡಮೊಣಕೈಯನ್ನು ತಾನು ಮಡಿಚಿ ಪಕ್ಕಕ್ಕೆ ಚಾಚಿಕೊಂಡೇ ನಡೆಯುತ್ತಿದ್ದೇನೆ ಎಂದು. ಅಲ್ಲಿ ಅಮ್ಮನ ತೋಳಿರಲಿಲ್ಲ. ಮೈ ಅತ್ತ ವಾಲುತ್ತಿತ್ತು, ತಡೆಯಲು ಏನೂ ಇರಲಿಲ್ಲ. ಗೋಡೆಗುಂಟ ಕಂಬಿಯಿತ್ತು, ಹಿಡಿಯುವ ಹಾಗಿಲ್ಲ. ನೆಲ ನುಣ್ಣಗೆ, ಹಾದಿ ಉದ್ದಕ್ಕೆ, ಅಮ್ಮ ಅಷ್ಟು ದೂರದಲ್ಲಿ ಪುಟ್ಟದಾಗಿ. ಈ ಹಾದಿಯಲ್ಲೇ ಅಮ್ಮ ಸರಸರನೆ ನಡೆದಿದ್ದಳು. ಪುಟ್ಟಿಗೆ ಸಿಟ್ಟು ಬಂತು, ಅಮ್ಮನ ಮೇಲಲ್ಲ, ಯಾರ ಮೇಲೋ ತಿಳಿಯಲಿಲ್ಲ. ಕಾಲು ಎತ್ತಿಡಲು ಹೇಳಿದರೆ ಕಾಲು, ಇರು ಬಂದೆ, ಎನ್ನುತ್ತಿತ್ತು.

ಅಮ್ಮ ಮುಷ್ಟಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಎಷ್ಟೋ ಸಾವಿರ ಜನರನ್ನು ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೂಗಿ ನಡೆಸಿದವಳು, ತನ್ನ ಮಗಳು ತನ್ನತ್ತ ಒಂದೊಂದೇ ಹೆಜ್ಜೆ ಎಳೆದುಕೊಂಡು ಬರುವಾಗ ತುಟಿ ಬಿಚ್ಚುವ ಹಾಗಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಕಣ್ಣೀರು ಹಾಕಬಾರದೆಂದು ಫಿಸಿಯೋ ಹೇಳಿರಲಿಲ್ಲ.

ಕೊನೆಗೆ ಡಾಕ್ಟರು ಪ್ರಶ್ನೆ ಕೇಳಿದರು. ಊಟ, ನಿದ್ದೆ, ಮೈತೂಕ ಎಲ್ಲ ಆಯಿತು. "ಕಳೆದ ವಾರ, ಮಾಡಿದ್ದೆಲ್ಲ ಭಾರ ಅನ್ನಿಸಿತ್ತಾ? ಏನು ಮಾಡೋಕೂ ಆಗ್ತಿಲ್ಲ ಅನ್ನೋ ಥರ?"

ಪುಟ್ಟಿ ಅಮ್ಮನ ಕಡೆ ನೋಡಿದಳು. ಅಮ್ಮ ಬೇಕೆಂದೇ ಕಿಟಕಿಯ ಕಡೆ ತಿರುಗಿಕೊಂಡಳು.

"ಹೌದು," ಎಂದಳು ಪುಟ್ಟಿ.

"ವಾರದಲ್ಲಿ ಎಷ್ಟು ದಿನ?"

"ಎಲ್ಲಾ ದಿನ ಡಾಕ್ಟ್ರೇ." ಹೇಳಿದ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಬಹಳ ದೂರ ಹೊತ್ತು ತಂದದ್ದನ್ನು ಮೇಜಿನ ಮೇಲೆ ಇಟ್ಟಂತಾಯಿತು, ಅಷ್ಟೇ.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ರಕ್ತಪರೀಕ್ಷೆ ಎಲ್ಲ ಸರಿ ಬಂದ್ರೆ ನಿಮ್ಮನ್ನ ತಗೋಬಹುದಮ್ಮ. ಆದ್ರೆ ಆಸೆ ಹುಟ್ಟಿಸಿ ಕಳಿಸಲ್ಲ ನಾನು. ಅರ್ಧ ಜನಕ್ಕೆ ಸೆಲ್ ಹೋಗತ್ತೆ, ಅರ್ಧ ಜನಕ್ಕೆ ಬರೀ ಸಲೈನ್. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ. ಸೆಲ್ ಹೋದವರಿಗೂ ಕಸುವು ಬಂದೇ ಬರತ್ತೆ ಅಂತ ಹೇಳೋಕಾಗಲ್ಲ, ಅದನ್ನ ತಿಳ್ಕೊಳ್ಳೋಕೇ ಇಷ್ಟೆಲ್ಲ ಪಾಡು. ತೊಂದರೆ ಏನಾಗಬಹುದು ಅನ್ನೋದನ್ನೂ ಹೇಳ್ತೀವಿ. ಮನೆಗೆ ಹೋಗಿ ಯೋಚನೆ ಮಾಡಿ. ಏನೇ ಆಗಲಿ, ಇಷ್ಟು ದಿನ ಮಾಡಿದ ಹಾಗೆ ಇನ್ನು ಮಾಡೋಕಾಗಲ್ಲ ನಿಮಗೆ. ಅದಂತೂ ನಿಜ."

ಕೆಳಗಿಳಿದು ಬಂದಾಗ ಫೋನ್ ಬಡಿದುಕೊಂಡಿತು. ತಮ್ಮ.

"ಏನಾಯ್ತಕ್ಕಾ? ಅಮ್ಮನ್ನ ತಗೊಂಡ್ರಾ?"

"ಇಲ್ಲ. ಅಮ್ಮ ಗಟ್ಟಿಯಾಗಿದ್ದಾಳಂತೆ."

"ಹಾಗಾದ್ರೆ ಭಾನುವಾರ ಬರ್ತೀನಿ. ಬಟ್ಟೆಬರೆ ಕಟ್ಟಿಟ್ಟಿರು."

"ನಿನ್ನ ಬಟ್ಟೆ ಕಟ್ಕೊಂಡು ಬಾ," ಎಂದಳು ಪುಟ್ಟಿ. "ನಾಲ್ಕು ದಿನ ಇರೋ ಹಾಗೆ ಬಾ. ಅಡುಗೆ ನೀನು ಮಾಡು, ಬಟ್ಟೆ ನೀನು ಒಗೆ. ಆಮೇಲೆ ಮುಂದಿನದು ಮೂವರೂ ಕೂತು ಮಾತಾಡೋಣ. ಅಮ್ಮ ಎಲ್ಲಿಗೂ ಹೋಗಲ್ಲ. ನನಗೆ ಆಗ್ತಿಲ್ಲ ಕಣೋ."



"ಅಕ್ಕಾ, ಏನಾಗಿದೆ ನಿನಗೆ?" ಎಂದ. ಫೋನಿನ ಒಳ್ಳೆಯತನವೆಲ್ಲ ಇಳಿದುಹೋದ, ಚಿಕ್ಕ ತಮ್ಮನ ದನಿಯಲ್ಲಿ ಕೇಳಿದ.

"ವಯಸ್ಸಾಗಿದೆ," ಎಂದಳು. "ಬಾ, ಹೇಳ್ತೀನಿ."

ಗೇಟಿನ ಹತ್ತಿರ ಅಮ್ಮ ತೋಳು ಮಡಿಚಿ ನಿಂತಿದ್ದಳು. ಹಳದಿ ಚೀಟಿ ಇನ್ನೂ ಅವಳ ಕೊರಳಲ್ಲೇ ತೂಗುತ್ತಿತ್ತು. ವಾಪಸು ಕೊಡುವುದನ್ನು ಮರೆತಿದ್ದಳೋ, ಇಟ್ಟುಕೊಂಡಿದ್ದಳೋ. ಪುಟ್ಟಿ ಆ ತೋಳಿಗೆ ತನ್ನ ತೋಳು ಸೇರಿಸಿದಳು. ಎಷ್ಟೋ ಕಾಲದಿಂದ ಹಾಗೇ ಸೇರಿಸಿದ್ದಳು, ಆದರೆ ಈ ಸಲ ಹಿಡಿಯಲಿಲ್ಲ. ಮೈಭಾರವನ್ನು ಗೊತ್ತಿದ್ದೂ ಗೊತ್ತಿದ್ದೂ ಬಿಟ್ಟುಕೊಟ್ಟಳು. ಅಮ್ಮ ತುಸು ಕಾಲು ಅಗಲಿಸಿ, ಓಡುವ ಬಸ್ಸಿನಲ್ಲಿ ನಿಲ್ಲುವಂತೆ ನಿಂತು, ಅದನ್ನು ಹೊತ್ತುಕೊಂಡಳು.

"ಬೀಗದಂಗಡಿ ಹತ್ರ ಕೂರೋಕೆ ಒಂದು ಕಟ್ಟೆ ಇದೆ," ಎಂದಳು ಪುಟ್ಟಿ. "ಅಲ್ಲಿ ಕೂತು ಹೋಗೋಣ. ನನಗೆ ಸುಸ್ತಾಗಿದೆ."

"ಕೂರೋಣ."

ಅಮ್ಮ ಹಿಂದೆ ತಿರುಗಿ ಒಮ್ಮೆ ನೋಡಿದಳು, ಹತ್ತುವವರು ಯಾರೂ ಉಳಿದಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡಳು.

"ರೈಟ್," ಎಂದಳು, ಮೆಲ್ಲಗೆ. ಇಬ್ಬರೂ ಪುಟ್ಟಿಯ ಹೆಜ್ಜೆಯ ಲೆಕ್ಕದಲ್ಲಿ ಸೇತುವೆಯ ಕಡೆಗೆ ಹೊರಟರು.